ದೇವಿಮನೆ ಘಟ್ಟದಲ್ಲಿ ಎರಡು ಕಾರುಗಳು: ಸುರಕ್ಷತಾ ಸಾಧನಗಳ ಒಂದು ಹೋಲಿಕೆ

ಶಿರಸಿಯಿಂದ ಘಟ್ಟ ಇಳಿದು ಕುಮಟಾಕ್ಕೆ, ಅಲ್ಲಿಂದ ಕಾರವಾರಕ್ಕೆ ಹೋಗಿಬರುವುದು ನನ್ನ ವೃತ್ತಿಗೆ ಅನಿವಾರ್ಯ. ಹಾಗಾಗಿ ವಾಹನದ ಸುರಕ್ಷತಾ ಸಾಧನಗಳಿಂದ ಪ್ರಯಾಣ ನಿಜವಾಗಿಯೂ ಸುರಕ್ಷಿತವಾಗುತ್ತದೆಯೇ ಎಂಬ ಪ್ರಶ್ನೆ ನನ್ನ ಪಾಲಿಗೆ ಶೋರೂಮಿನ ಮಾತಾಗಿ ಉಳಿದಿಲ್ಲ. ನಮ್ಮ ಮನೆಯಲ್ಲಿ ಎರಡು ಕಾರುಗಳಿವೆ. 2011ರಲ್ಲಿ ಕೊಂಡ ಚಿಕ್ಕ ಕಾರಿನಲ್ಲಿ ಸೀಟ್ ಬೆಲ್ಟ್ ಬಿಟ್ಟರೆ ಹೇಳಿಕೊಳ್ಳುವಂಥ ಸಾಧನವಿಲ್ಲ; ಏರ್‌ಬ್ಯಾಗೂ ಇಲ್ಲ, ಬ್ರೇಕ್ ಜೋರಾಗಿ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಕೂಡ ಇಲ್ಲ. 2024ರಲ್ಲಿ ಕೊಂಡ ಕಾರಿನಲ್ಲಿ ಆರು ಏರ್‌ಬ್ಯಾಗ್, ಎಬಿಎಸ್, ವಾಹನ ಅಡ್ಡಡ್ಡ ಜಾರದಂತೆ ತಡೆಯುವ ಇಎಸ್‌ಸಿ, ಟೈರಿನ ಗಾಳಿ ಕಡಿಮೆಯಾದರೆ ತಿಳಿಸುವ ವ್ಯವಸ್ಥೆ ಎಲ್ಲವೂ ಇವೆ. ಬೇಸಿಗೆಯಲ್ಲೂ ಮಳೆಗಾಲದಲ್ಲೂ ಒಂದೇ ರಸ್ತೆಯಲ್ಲಿ ಇವೆರಡನ್ನೂ ನಾನೂ ಅಣ್ಣನ ಮಗನೂ ಓಡಿಸಿದ್ದೇವೆ. ಮುಂದೆ ಬರೆದಿರುವುದು ಆ ಅನುಭವದ ಮೇಲೆ ನಿಂತ ಹೋಲಿಕೆ.

ಮೊದಲು ರಸ್ತೆಯ ಸ್ವಭಾವ ಹೇಳಬೇಕು. ದೇವಿಮನೆ ಘಟ್ಟದಲ್ಲಿ ತಿರುವಿನ ಹಿಂದೆ ತಿರುವು. ಮಳೆಗಾಲದಲ್ಲಿ ಧರೆಯಿಂದ ಇಳಿಯುವ ಕೆಂಪು ನೀರು, ಮಂಜು, ಮರದ ನೆರಳಿನಲ್ಲಿ ಪಾಚಿಗಟ್ಟಿದ ರಸ್ತೆಯಂಚು. ಕೆಳಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಅಪಾಯದ ಬಗೆಯೇ ಬೇರೆ. ಅಲ್ಲಿ ರಸ್ತೆ ಅಗಲವಾಗಿದೆ, ವೇಗ ಹೆಚ್ಚಿದೆ. ವಿಭಜಕದ ಸಂದಿಯಿಂದ ಹಠಾತ್ತನೆ ಅಡ್ಡ ಬರುವ ಸ್ಕೂಟರುಗಳೂ, ಎದುರು ದಿಕ್ಕಿನಲ್ಲಿ ಬರುವ ಟೆಂಪೋಗಳೂ, ರಾತ್ರಿ ಡಾಂಬರಿನ ಬಿಸಿಗೆ ಬಂದು ಮಲಗುವ ದನಗಳೂ ಇವೆ. ಘಟ್ಟದಲ್ಲಿ ಉಪಕಾರಕ್ಕೆ ಬರುವ ಸಾಧನ ಹೆದ್ದಾರಿಯಲ್ಲಿ ಅಷ್ಟೇ ಉಪಕಾರ ಮಾಡುತ್ತದೆ ಎಂದು ತಿಳಿಯಬಾರದು.

ಬ್ರೇಕಿನಿಂದ ಪ್ರಾರಂಭಿಸುತ್ತೇನೆ. ಹೆದ್ದಾರಿ ಅಗಲಗೊಂಡಾಗ ಬಳಕೆ ತಪ್ಪಿ ಉಳಿದ ಹಳೆಯ ರಸ್ತೆಯ ತುಂಡೊಂದರಲ್ಲಿ, ಜನಸಂಚಾರವಿಲ್ಲದ ಹೊತ್ತು ನೋಡಿ, ಎರಡೂ ಕಾರುಗಳನ್ನು ಒಂದೇ ವೇಗದಲ್ಲಿ ಓಡಿಸಿ ಬ್ರೇಕನ್ನು ಪೂರ್ತಿ ಒತ್ತಿ ನೋಡಿದೆವು. ಎದುರಿಗೆ ಅಡಿಕೆ ಸಿಪ್ಪೆ ತುಂಬಿದ ಚೀಲವೊಂದನ್ನು ಅಡ್ಡಿಯಾಗಿ ಇಟ್ಟಿದ್ದೆವು. ರಸ್ತೆ ಒಣಗಿದ್ದಾಗ ಎರಡರ ನಡುವೆ ದೊಡ್ಡ ಅಂತರ ಕಾಣಲಿಲ್ಲ. ಮಳೆ ಬಂದು ನಿಂತ ಮೇಲೆ ಮಾಡಿದ ಪರೀಕ್ಷೆಯಲ್ಲಿ ವ್ಯತ್ಯಾಸ ಕಣ್ಣಿಗೆ ರಾಚುವಂತಿತ್ತು. ಹಳೆಯ ಕಾರಿನ ಮುಂದಿನ ಚಕ್ರಗಳು ತಿರುಗುವುದನ್ನೇ ನಿಲ್ಲಿಸಿದವು. ಸ್ಟಿಯರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿದರೂ ಕಾರು ನೆಟ್ಟಗೆ ಜಾರಿ ಚೀಲಕ್ಕೆ ಬಡಿಯಿತು. ಹೊಸ ಕಾರಿನಲ್ಲಿ ಪೆಡಲ್ ಪಾದದಡಿಯಲ್ಲಿ ಗಡಗಡ ನಡುಗಿತು, ಬಾನೆಟ್ಟಿನ ಕೆಳಗಿನಿಂದ ಕರಕರ ಸದ್ದು ಬಂತು, ಕಾರು ಚೀಲವನ್ನು ಬಳಸಿಕೊಂಡು ಪಕ್ಕಕ್ಕೆ ಸಾಗಿ ನಿಂತಿತು. ಚಕ್ರ ಕಚ್ಚಿಕೊಳ್ಳುವಷ್ಟರಲ್ಲಿ ಬ್ರೇಕಿನ ಒತ್ತಡವನ್ನು ಸೆಕೆಂಡಿಗೆ ಹಲವು ಸಲ ಸಡಿಲಿಸಿ ಮತ್ತೆ ಬಿಗಿಗೊಳಿಸುವುದೇ ಎಬಿಎಸ್‌ನ ಕೆಲಸ. ತಿರುಗುತ್ತಿರುವ ಚಕ್ರ ಮಾತ್ರ ಸ್ಟಿಯರಿಂಗಿನ ಮಾತು ಕೇಳುತ್ತದೆ.

ಆದರೆ ಅದೇ ರಸ್ತೆಯ ಅಂಚಿನ ಸಡಿಲ ಜಲ್ಲಿಯ ಮೇಲೆ ಹೊಸ ಕಾರು ಹಳೆಯದಕ್ಕಿಂತ ಮುಂದೆ ಹೋಗಿ ನಿಂತಿತು. ಕಚ್ಚಿಕೊಂಡ ಚಕ್ರ ತನ್ನೆದುರು ಜಲ್ಲಿಯನ್ನು ಗುಡ್ಡೆಮಾಡಿಕೊಂಡು ಬೇಗ ನಿಲ್ಲುತ್ತದೆ, ಎಬಿಎಸ್ ಅದಕ್ಕೆ ಅವಕಾಶ ಕೊಡುವುದಿಲ್ಲ. ಎಬಿಎಸ್ ಇದ್ದರೆ ಗಾಡಿ ತಕ್ಷಣ ನಿಲ್ಲುತ್ತದೆ ಎಂದು ನಂಬಿರುವವರು ಬಹಳ ಮಂದಿ ಇದ್ದಾರೆ. ಅದು ಕೊಡುವ ಮುಖ್ಯ ಅನುಕೂಲ ಬ್ರೇಕ್ ಹಿಡಿದಿರುವಾಗಲೂ ಗಾಡಿಯನ್ನು ತಿರುಗಿಸುವ ಶಕ್ತಿ. ಇನ್ನೊಂದು ಮಾತು: ಪೆಡಲ್ ನಡುಗಿದ ಕೂಡಲೇ ಏನೋ ಕೆಟ್ಟಿತೆಂದು ಗಾಬರಿಗೊಂಡು ಕಾಲು ತೆಗೆಯುವವರಿದ್ದಾರೆ. ಆ ನಡುಕವನ್ನು ಒಮ್ಮೆಯಾದರೂ ಖಾಲಿ ಜಾಗದಲ್ಲಿ ಅನುಭವಿಸಿ ನೋಡದವರಿಗೆ ಎಬಿಎಸ್ ಅರ್ಧ ಮಾತ್ರ ದಕ್ಕುತ್ತದೆ.

ಈ ಹೋಲಿಕೆಯಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ ಸಂಗತಿ ಯಂತ್ರದ್ದಲ್ಲ, ಓಡಿಸುವವರದ್ದು. ಅಣ್ಣನ ಮಗ ಹಳೆಯ ಕಾರಿನಲ್ಲಿ ಘಟ್ಟ ಇಳಿಯುವಾಗ ಮುಂದಿನ ಬಸ್ಸಿನಿಂದ ದೂರ ಉಳಿಯುತ್ತಾನೆ, ತಿರುವಿಗೆ ಬಹಳ ಮೊದಲೇ ಗೇರ್ ಇಳಿಸುತ್ತಾನೆ. ಹೊಸ ಕಾರಿನಲ್ಲಿ ಅದೇ ಹುಡುಗ ಅದೇ ತಿರುವಿಗೆ ಬರುವ ವೇಗವೇ ಬೇರೆ. ಒಳಗೆ ಸದ್ದಿಲ್ಲ, ಅಲುಗಾಟವಿಲ್ಲ, ಬ್ರೇಕಿನ ಮೇಲೆ ಭರವಸೆಯಿದೆ. ಸಾಧನದಿಂದ ಸಿಕ್ಕಿದ ಸುರಕ್ಷತೆಯನ್ನು ಅವನು ತನಗೆ ಅರಿವಿಲ್ಲದೆಯೇ ವೇಗಕ್ಕೆ ಖರ್ಚುಮಾಡುತ್ತಾನೆ. ಇದು ಅವನೊಬ್ಬನ ಗುಣವಲ್ಲ. 1980ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಎಬಿಎಸ್ ಇರುವ ಮತ್ತು ಇಲ್ಲದ ಟ್ಯಾಕ್ಸಿಗಳನ್ನು ಹೋಲಿಸಿ ನಡೆಸಿದ ಪ್ರಸಿದ್ಧ ಅಧ್ಯಯನದಲ್ಲಿ ಎರಡು ಗುಂಪುಗಳ ಅಪಘಾತಗಳ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಎಬಿಎಸ್ ಇದ್ದ ಟ್ಯಾಕ್ಸಿಗಳ ಚಾಲಕರು ಹೆಚ್ಚು ಒರಟಾಗಿ ಓಡಿಸುತ್ತಿದ್ದುದು ಕಂಡುಬಂತು. ವೇಗದ ಲೆಕ್ಕವಾದರೂ ನಿಷ್ಠುರವಾದದ್ದು. ಗಂಟೆಗೆ 40 ಕಿ.ಮೀ. ಇದ್ದದ್ದು 50 ಆದರೆ, ಗುದ್ದಿದಾಗ ಹೊರಬೀಳುವ ಶಕ್ತಿ ಶೇ. 56ರಷ್ಟು ಹೆಚ್ಚುತ್ತದೆ.

ಹಾಗೆಂದು ಸಾಧನಗಳೆಲ್ಲ ವ್ಯರ್ಥ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಚಾಲಕನ ಅನುಭವಕ್ಕೆ ದಿನವೂ ಬರುವ ಸಾಧನವನ್ನು ಅವನು ವೇಗಕ್ಕೆ ಬದಲಾಯಿಸಿಕೊಳ್ಳಬಲ್ಲ. ಅನುಭವಕ್ಕೇ ಬಾರದೆ ಕಾದು ಕುಳಿತ ಸಾಧನವನ್ನು ಹಾಗೆ ಬದಲಾಯಿಸಿಕೊಳ್ಳುವುದು ಕಷ್ಟ. ಇಎಸ್‌ಸಿ ಅಂಥದ್ದು. ಸ್ಟಿಯರಿಂಗ್ ತಿರುಗಿಸಿದ ದಿಕ್ಕಿಗೂ ಕಾರು ನಿಜವಾಗಿ ಹೊರಳುತ್ತಿರುವ ದಿಕ್ಕಿಗೂ ಹೊಂದಿಕೆ ತಪ್ಪಿದರೆ ಅದು ಬೇಕಾದ ಒಂದೇ ಚಕ್ರದ ಬ್ರೇಕನ್ನು ತಾನಾಗಿಯೇ ಹಿಡಿದು ಕಾರನ್ನು ದಾರಿಗೆ ತರುತ್ತದೆ. ಮಳೆಗಾಲದಲ್ಲಿ ಒಂದು ತಿರುವಿನ ಕೆಸರಿನ ಮೇಲೆ ಕಾರಿನ ಹಿಂಭಾಗ ತುಸು ಸರಿದಂತಾಗಿ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಮಿನುಗಿ, ನಾನು ಏನನ್ನೂ ಮಾಡುವ ಮೊದಲೇ ಕಾರು ಸರಿಹೋಗಿತ್ತು. ಹಳೆಯ ಕಾರಿನಲ್ಲಿ ಅದೇ ಬಗೆಯ ಜಾರುವಿಕೆಯನ್ನು ಕೈಯಿಂದಲೇ ಸರಿಪಡಿಸಬೇಕಿತ್ತು, ಅದಕ್ಕೆ ರಸ್ತೆಯ ಅಗಲ ಸಾಲಬೇಕಿತ್ತು. ಒಂಟಿ ವಾಹನವೇ ದಾರಿ ತಪ್ಪಿ ಉರುಳುವಂಥ ಮಾರಣಾಂತಿಕ ಅಪಘಾತಗಳನ್ನು ಇಎಸ್‌ಸಿ ಸುಮಾರು ಅರ್ಧಕ್ಕೆ ಇಳಿಸುತ್ತದೆ ಎಂದು ಅಮೆರಿಕದ ಅಧ್ಯಯನಗಳು ಕಂಡುಕೊಂಡಿವೆ. ಒಂದು ಬದಿಗೆ ಕಣಿವೆಯಿರುವ ರಸ್ತೆಯಲ್ಲಿ ಓಡಾಡುವ ನಮಗೆ ಇದಕ್ಕಿಂತ ಹತ್ತಿರದ ಸಾಧನ ಇನ್ನೊಂದಿಲ್ಲ.

ಇಳಿಜಾರಿನ ವಿಷಯದಲ್ಲಿ ಮಾತ್ರ ಎರಡು ಕಾರುಗಳೂ ಸಮ. ಬ್ರೇಕನ್ನು ಬಿಡದೆ ಒತ್ತಿಕೊಂಡೇ ಘಟ್ಟ ಇಳಿದರೆ ಪ್ಯಾಡುಗಳು ಕಾದು ಹಿಡಿತ ಕಳೆದುಕೊಳ್ಳುತ್ತವೆ. ಆರು ಏರ್‌ಬ್ಯಾಗಿನ ಕಾರಿನಲ್ಲೂ ಸುಟ್ಟ ವಾಸನೆ ಬರುತ್ತದೆ. ಅಲ್ಲಿ ಎರಡನೆಯ ಗೇರೇ ಸಾಧನ.

ಈಗ ಬೆಲ್ಟು ಮತ್ತು ಏರ್‌ಬ್ಯಾಗು. ಸೊಂಟವನ್ನೂ ಎದೆಯನ್ನೂ ಒಟ್ಟಿಗೆ ಹಿಡಿಯುವ ಇಂದಿನ ಬೆಲ್ಟನ್ನು 1959ರಲ್ಲಿ ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದರು. ಮುಂದಿನ ಆಸನದವರ ಸಾವಿನ ಸಾಧ್ಯತೆಯನ್ನು ಬೆಲ್ಟೊಂದೇ ಶೇ. 45ರಷ್ಟು ತಗ್ಗಿಸುತ್ತದೆ, ಬೆಲ್ಟಿನ ಜೊತೆ ಏರ್‌ಬ್ಯಾಗ್ ಸೇರಿದರೆ ಆ ಇಳಿಕೆ ಶೇ. 50ರ ಆಸುಪಾಸಿಗೆ ಏರುತ್ತದೆ ಎಂಬುದು ಅಮೆರಿಕದ ಅಂದಾಜು. ಅಂದರೆ ಬೆಲ್ಟ್ ಹಾಕಿಕೊಂಡು ಹಳೆಯ ಕಾರಿನಲ್ಲಿ ಕುಳಿತವರು, ಬೆಲ್ಟಿಲ್ಲದೆ ಹೊಸ ಕಾರಿನಲ್ಲಿ ಕುಳಿತವರಿಗಿಂತ ಎಷ್ಟೋ ಮೇಲು. ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಉಬ್ಬುವ ಚೀಲಕ್ಕೆ ಬೆಲ್ಟಿಲ್ಲದ ದೇಹ ಮುಗ್ಗರಿಸಿಕೊಂಡು ಎದುರಾದರೆ, ಆ ಚೀಲವೇ ಗಾಯ ಮಾಡುತ್ತದೆ. ಹೊಸ ಕಾರಿನ ಬೆಲ್ಟಿಗೆ ಇನ್ನೊಂದು ಗುಣವಿದೆ: ಡಿಕ್ಕಿಯ ಕ್ಷಣದಲ್ಲಿ ಅದು ತಾನೇ ಬಿಗಿದುಕೊಂಡು ದೇಹವನ್ನು ಆಸನಕ್ಕೆ ಎಳೆದು ಹಿಡಿಯುತ್ತದೆ. ಹಳೆಯದಕ್ಕೆ ಆ ಶಕ್ತಿಯಿಲ್ಲ.

ಆದರೂ ನಮ್ಮ ಹೊಸ ಕಾರು ಮನೆಗೆ ಬಂದ ವಾರದಲ್ಲೇ ಹಿಂದಿನ ಆಸನ ಹಳೆಯ ಕಾರಿನ ಮಟ್ಟಕ್ಕೆ ಇಳಿದಿತ್ತು. ಸೀಟ್ ಕವರ್ ಹಾಕಿದವರು ಬಕಲ್‌ಗಳನ್ನು ಕವರಿನ ಅಡಿಗೆ ತಳ್ಳಿ ಹೊಲಿಗೆ ಬಿಗಿದಿದ್ದರು. ಮುಂದಿನ ಆಸನದ ಬದಿಯಲ್ಲಿ ಏರ್‌ಬ್ಯಾಗ್ ಹೊರಬರಬೇಕಾದ ಅಂಚಿನ ಮೇಲೂ ದಪ್ಪ ರೆಕ್ಸಿನ್ ಕೂತಿತ್ತು. ಕವರ್ ತೆಗೆಸಿ, ಬಕಲ್‌ಗಳನ್ನು ಮೇಲೆ ತಂದೆವು. ಆಯಿಗೆ ಬೆಲ್ಟ್ ಹಾಕಲು ಹೋದರೆ, ‘ಹಿಂದೆ ಕೂತವಕ್ಕೆ ಬೆಲ್ಟ್ ಎಂತಕ್ಕೆ ತಮಾ?’ ಎಂದಳು. ಆಕೆಯ ಪ್ರಶ್ನೆ ನಮ್ಮೂರಿನ ಬಹುಪಾಲು ಜನರ ಪ್ರಶ್ನೆಯೂ ಹೌದು. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡದ್ದು ದುಬಾರಿ ಕಾರೊಂದರ ಹಿಂದಿನ ಆಸನದಲ್ಲಿ, ಬೆಲ್ಟ್ ಇಲ್ಲದೆ. ಮುಂದೆ ಕುಳಿತಿದ್ದ ಇಬ್ಬರು ಬದುಕಿದರು. ಎಚ್ಚರಿಕೆಯ ಸದ್ದು ಅಡಗಿಸಲೆಂದೇ ಬಕಲಿಗೆ ಸಿಕ್ಕಿಸುವ ಕ್ಲಿಪ್ಪುಗಳು ಮಾರಾಟವಾಗುತ್ತಿದ್ದವು. 2023ರಲ್ಲಿ ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಂದ ಅವನ್ನು ತೆಗೆಸಬೇಕಾಯಿತು. ಪುಟ್ಟ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದಿನ ಆಸನದಲ್ಲಿ ಹೋಗುವುದಂತೂ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಹಳೆಯ ಕಾರಿಗಿಂತಲೂ ಅಪಾಯಕರ. ಹೊಸ ಕಾರು ಕೊಂಡವರಿಗೆ ಇದನ್ನು ಮೊದಲ ದಿನವೇ ಯಾರಾದರೂ ತಿಳಿಸಬೇಕು.

ಸಾಧನಗಳೇ ಇಲ್ಲದ ಪ್ರಯಾಣವನ್ನೂ ಈ ಹೋಲಿಕೆಯಿಂದ ಹೊರಗಿಡಲಾರೆ. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾದ ಸಂತೆಗೆ ತರಕಾರಿ, ಹಣ್ಣು ತರುತ್ತಿದ್ದ ಲಾರಿ ಯಲ್ಲಾಪುರ ತಾಲೂಕಿನಲ್ಲಿ ಉರುಳಿ 10 ಮಂದಿ ವ್ಯಾಪಾರಿಗಳು ಸತ್ತರು. ಸರಕಿನ ಜೊತೆಯಲ್ಲೇ ಕೂತು ಬರುತ್ತಿದ್ದವರಿಗೆ ಆಸನವೂ ಇರಲಿಲ್ಲ, ಬೆಲ್ಟಿನ ಮಾತಂತೂ ದೂರ. ಎರಡು ಕಾರುಗಳ ನಡುವೆ ನಾನು ತೂಗಿ ನೋಡುತ್ತಿರುವ ಅಂತರಕ್ಕಿಂತ, ಯಾವುದಾದರೊಂದು ಕಾರಿಗೂ ಸರಕು ಸಾಗಣೆಯ ಗಾಡಿಗೂ ಇರುವ ಅಂತರ ಬಹು ದೊಡ್ಡದು.

ದ್ವಿಚಕ್ರ ವಾಹನಗಳಲ್ಲೂ ಇದೇ ಪ್ರಶ್ನೆ ಬಂತು. ಮನೆಯ ಸ್ಕೂಟರಿನಲ್ಲಿ ಎಡಗೈ ಬ್ರೇಕ್ ಹಿಡಿದರೆ ಎರಡೂ ಚಕ್ರಗಳಿಗೆ ಹಂಚಿಕೆಯಾಗುವ ವ್ಯವಸ್ಥೆಯಿದೆ. 125 ಸಿಸಿಗಿಂತ ದೊಡ್ಡ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಗಿದೆ. ಒದ್ದೆ ರಸ್ತೆಯಲ್ಲಿ ಎರಡನ್ನೂ ಹಿಡಿದು ನೋಡಿದ ಮೇಲೆ, ಘಟ್ಟ ಇಳಿಯುವವರಿಗೆ ಎಬಿಎಸ್ ಬೈಕೇ ಸರಿ ಎಂದು ಹೇಳಬಲ್ಲೆ, ಏಕೆಂದರೆ ಮುಂದಿನ ಚಕ್ರ ಕಚ್ಚಿಕೊಂಡ ದ್ವಿಚಕ್ರ ವಾಹನ ಕಾರಿನಂತೆ ಜಾರುವುದಿಲ್ಲ, ಬೀಳುತ್ತದೆ. ಪೇಟೆಯೊಳಗಿನ ಓಡಾಟಕ್ಕೆ ಸ್ಕೂಟರ್ ಸಾಕು. ಐಎಸ್‌ಐ ಗುರುತಿನ ಹೆಲ್ಮೆಟ್ಟಿಗೆ, ಅದರ ಪಟ್ಟಿಯನ್ನು ಗದ್ದದಡಿ ಬಿಗಿಯುವುದಕ್ಕೆ, ಎರಡರಲ್ಲೂ ಪರ್ಯಾಯವಿಲ್ಲ.

ಕೊಳ್ಳುವವರು ಕೇಳಿದರೆ ನನ್ನ ಉತ್ತರ ಹೀಗಿರುತ್ತದೆ. ಸನ್‌ರೂಫು, ಅಲಾಯ್ ಚಕ್ರ, ದೊಡ್ಡ ಪರದೆಗಾಗಿ ಮೇಲಿನ ಮಾದರಿಗೆ ಹಣ ಹಾಕುವ ಮೊದಲು, ಕೆಳಗಿನ ಮಾದರಿಯಲ್ಲೇ ಇಎಸ್‌ಸಿ ಇದೆಯೇ, ಹಿಂದಿನ ಮೂರೂ ಆಸನಗಳಿಗೆ ಹೆಗಲ ಮೇಲಿಂದ ಬರುವ ಬೆಲ್ಟ್ ಇದೆಯೇ, ಕಾರನ್ನು ಗುದ್ದಿಸಿ ಸುರಕ್ಷತೆ ಅಳೆಯುವ, 2023ರ ಅಕ್ಟೋಬರಿನಿಂದ ನಡೆಯುತ್ತಿರುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಅದಕ್ಕೆ ಎಷ್ಟು ನಕ್ಷತ್ರ ಬಂದಿದೆ ಎಂದು ನೋಡಬೇಕು. ಉಳಿದ ಹಣವನ್ನು ಟೈರಿಗೆ ಇಡಬೇಕು: ಎಬಿಎಸ್ ಆಗಲಿ ಇಎಸ್‌ಸಿ ಆಗಲಿ ಕೆಲಸ ಮಾಡುವುದು ಟೈರಿನ ಹಿಡಿತವಿರುವಷ್ಟು ಮಾತ್ರ, ಟೈರಿನ ಗೀರು ಸವೆದು 1.6 ಮಿ.ಮೀ. ಆಳವಷ್ಟೇ ಉಳಿಯುವ ತನಕ ಕಾಯದೆ ಮಿರ್ಗದ (ಮೃಗಶಿರಾ) ಮಳೆಗೆ ಮೊದಲೇ ಬದಲಾಯಿಸುವುದು ನಮ್ಮ ಕಡೆಗೆ ಒಳ್ಳೆಯದು. ನಮ್ಮ ಹಳೆಯ ಕಾರನ್ನು ಮಾರಿಲ್ಲ. ಅದು ಶಿರಸಿ ಪೇಟೆಗೂ ತೋಟಕ್ಕೂ ಓಡುತ್ತದೆ, ಮಳೆಗಾಲದಲ್ಲಿ ಘಟ್ಟ ಇಳಿಯುವುದಿಲ್ಲ. ಹೊಸದನ್ನು ಘಟ್ಟಕ್ಕೆ ಒಯ್ಯುವಾಗ ವೇಗದ ಎಚ್ಚರಿಕೆಯನ್ನು ಹಳೆಯ ಕಾರು ಹೋಗುತ್ತಿದ್ದ ವೇಗಕ್ಕೇ ಹೊಂದಿಸಿಟ್ಟಿದ್ದೇವೆ.