ಸ್ವಂತ ಸರ್ವರ್‌ಗೆ ಡೊಮೇನ್ ಜೋಡಿಸಲು ಕ್ಲೌಡ್‌ಫ್ಲೇರ್ ಉಚಿತ ಪ್ಲಾನ್: ಮೋಡ ಮೊದಲು ಬೂದು ಇರಲಿ

ಬಳ್ಳಾರಿಯ ಜೀನ್ಸ್ ಅಂಗಡಿಯಾಗಲಿ, ರಾಯಚೂರಿನ ಅಕ್ಕಿ ಮಿಲ್ಲಾಗಲಿ, ಕೊಪ್ಪಳದ ಕಡೆಯಿಂದ ಕಿನ್ನಾಳ ಬೊಂಬೆ ಮಾರುವವರಾಗಲಿ, ಡೊಮೇನ್ ಒಂದು ಕಡೆ ಕೊಂಡು ಸರ್ವರ್ ಇನ್ನೊಂದು ಕಡೆ ಇಟ್ಟಮೇಲೆ ಎರಡನ್ನೂ ಜೋಡಿಸಲು ಡಿಎನ್‌ಎಸ್ (ಹೆಸರನ್ನು ಸರ್ವರ್‌ನ ಐಪಿ ವಿಳಾಸಕ್ಕೆ ತಿರುಗಿಸುವ ವ್ಯವಸ್ಥೆ) ಬೇಕು. ಡೊಮೇನ್ ಮಾರಿದವರ ಪ್ಯಾನೆಲ್‌ನಲ್ಲೇ ಒಂದು ಎ ರೆಕಾರ್ಡ್ (ಈ ಹೆಸರಿಗೆ ಈ ಐಪಿ ಎಂಬ ಸಾಲು) ಹಾಕಿದರೂ ಕೆಲಸ ನಡೆಯುತ್ತದೆ. ಆದರೂ ಕ್ಲೌಡ್‌ಫ್ಲೇರ್‌ನ ಉಚಿತ ಪ್ಲಾನ್ ವಾಸಿ. ಪ್ಯಾನೆಲ್ ಚುರುಕಾಗಿದೆ, ಟಿಟಿಎಲ್ (ಒಂದು ಉತ್ತರವನ್ನು ಬೇರೆಯವರು ನೆನಪಿಟ್ಟುಕೊಳ್ಳುವ ಅವಧಿ) ‘ಆಟೋ’ ಇದ್ದರೆ 300 ಸೆಕೆಂಡು, ಪಬ್ಲಿಕ್ ಐಪಿ ಇಲ್ಲದ ಮಷಿನ್‌ಗೂ ದಾರಿಯುಂಟು. ತಕರಾರು ಇರುವುದು ಕಿತ್ತಳೆ ಮೋಡದ ಬಗ್ಗೆ.

ಹೊಸ ಎ ರೆಕಾರ್ಡ್ ಹಾಕಿದ ಕೂಡಲೇ ಪಕ್ಕದ ಮೋಡ ತಾನಾಗಿಯೇ ಕಿತ್ತಳೆ ಬಣ್ಣಕ್ಕೆ ಇರುತ್ತದೆ, ಅಂದರೆ ಪ್ರಾಕ್ಸಿ ಆನ್, ಬರುವವರೆಲ್ಲ ಕ್ಲೌಡ್‌ಫ್ಲೇರ್ ಮೂಲಕವೇ ಬರುತ್ತಾರೆ. ಆಗ ಜಗತ್ತಿಗೆ ಕಾಣುವುದು ಕ್ಲೌಡ್‌ಫ್ಲೇರ್‌ನ ಐಪಿ, ನಿಮ್ಮದಲ್ಲ. ಸೈಟ್ ತೆರೆಯದಿದ್ದರೆ ತಪ್ಪು ಡಿಎನ್‌ಎಸ್‌ನದೋ, ಫೈರ್‌ವಾಲ್‌ನದೋ, ಸರ್ಟಿಫಿಕೇಟ್‌ನದೋ ಗೊತ್ತಾಗದೆ ತಲೆ ಕೆಡುತ್ತದೆ. ಮೊದಲು ಬೂದು ಮಾಡಿ (ಪ್ರಾಕ್ಸಿ ಆಫ್), ಎಲ್ಲ ಸರಿಯಾದ ಮೇಲೆ ಬೇಕೆನಿಸಿದರೆ ಕಿತ್ತಳೆಗೆ ತಿರುಗಿಸಿ.

ಖಾತೆ ತೆರೆದು ಡೊಮೇನ್ ಹೆಸರು ಕೊಟ್ಟರೆ ಹಳೆಯ ರೆಕಾರ್ಡ್‌ಗಳನ್ನು ಅದೇ ಹುಡುಕಿ ತರುತ್ತದೆ. ಪೂರ್ತಿ ನಂಬಬೇಡಿ. ಎ, ಎಂಎಕ್ಸ್ (ಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವುದು) ಸಾಮಾನ್ಯವಾಗಿ ಸಿಗುತ್ತವೆ, ಮೇಲ್‌ನ ಸಹಿ ಪರೀಕ್ಷಿಸಲು ಬೇಕಾದ ಡಿಕಿಮ್ ರೆಕಾರ್ಡ್ ಬಿಟ್ಟುಹೋಗುವುದುಂಟು. ಅದರ ಹೆಸರು ಒಬ್ಬೊಬ್ಬರಿಗೆ ಒಂದೊಂದು ತರ, ಊಹಿಸಿ ಹುಡುಕಲು ಬರುವುದಿಲ್ಲ. ಹಳೆಯ ಪ್ಯಾನೆಲ್ ಪಕ್ಕದಲ್ಲಿ ತೆರೆದಿಟ್ಟು ಸಾಲುಸಾಲಾಗಿ ತಾಳೆ ನೋಡಿ. ಸೈಟ್ ಬಂತು, ಮೇಲ್ ನಿಂತಿತು ಎಂಬ ದೂರಿನ ಮೂಲ ಬಹುಪಾಲು ಇಲ್ಲೇ.

ಆಮೇಲೆ ಕ್ಲೌಡ್‌ಫ್ಲೇರ್ ಕೊಡುವ 2 ನೇಮ್‌ಸರ್ವರ್‌ಗಳನ್ನು (ಡೊಮೇನ್‌ನ ರೆಕಾರ್ಡ್‌ಗಳಿಗೆ ಉತ್ತರ ಕೊಡುವ ಸರ್ವರ್‌ಗಳು) ಡೊಮೇನ್ ಕೊಂಡ ಕಡೆ ಹಾಕಬೇಕು. ಹಳೆಯವನ್ನು ಪೂರ್ತಿ ತೆಗೆಯಿರಿ. ‘ಇರಲಿ ಬಿಡು’ ಎಂದು ಹಳೆಯದೊಂದನ್ನು ಉಳಿಸಿದರೆ ಡೊಮೇನ್ ‘ಪೆಂಡಿಂಗ್’ನಲ್ಲೇ ಕೂತಿರುತ್ತದೆ. ಡಿಎನ್‌ಎಸ್ ಉತ್ತರಕ್ಕೆ ಸಹಿ ಹಾಕುವ ಡಿಎನ್‌ಎಸ್‌ಸೆಕ್ ಆನ್ ಇದ್ದರೆ ನೇಮ್‌ಸರ್ವರ್ ಬದಲಿಸುವ ಮೊದಲೇ ಡೊಮೇನ್ ಕೊಂಡ ಕಡೆ ಇರುವ ಡಿಎಸ್ ರೆಕಾರ್ಡ್ (ಆ ಸಹಿಯ ಕೀಲಿಯ ಗುರುತು) ತೆಗೆಸಿ. ಇಲ್ಲದಿದ್ದರೆ ಹಳೆಯ ಕೀಲಿಗೂ ಹೊಸ ನೇಮ್‌ಸರ್ವರ್‌ಗೂ ಹೊಂದದೆ, ಸಹಿ ಪರೀಕ್ಷಿಸುವ 1.1.1.1, 8.8.8.8ರಂಥ ರಿಸಾಲ್ವರ್‌ಗಳು (ನಮ್ಮ ಪರವಾಗಿ ಐಪಿ ಹುಡುಕಿಕೊಡುವ ಸರ್ವರ್‌ಗಳು) ಉತ್ತರವನ್ನೇ ಕೊಡುವುದಿಲ್ಲ. ಪರೀಕ್ಷಿಸದ ರಿಸಾಲ್ವರ್ ಬಳಸುವವರಿಗೆ ಸೈಟ್ ಕಾಣುತ್ತದೆ. ಹೀಗೆ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿದ್ದರೆ ಮೊದಲು ಡಿಎಸ್ ನೋಡಿ.

ಕಾಯುವುದು ಎಷ್ಟು ಹೊತ್ತು? ಡಾಟ್ ಕಾಮ್ ಆದರೆ ಮೇಲಿನ ಹಂತದಲ್ಲಿ ನೇಮ್‌ಸರ್ವರ್ ಮಾಹಿತಿಯ ಟಿಟಿಎಲ್ 1,72,800 ಸೆಕೆಂಡು, ಅಂದರೆ 48 ತಾಸು. ಬಹಳ ಸಲ ಅಷ್ಟು ಹಿಡಿಯುವುದಿಲ್ಲ, ಆದರೆ ಹಳೆಯ ಪ್ಯಾನೆಲ್‌ನ ರೆಕಾರ್ಡ್‌ಗಳನ್ನು 2 ದಿನ ಮುಟ್ಟಬೇಡಿ. ಹೊಸದಾಗಿ ಕೊಂಡ ಡಾಟ್ ಕಾಮ್‌ಗೆ ಇನ್ನೊಂದು ಗಂಡಾಂತರವಿದೆ: ಇಮೇಲ್ ಖಾತ್ರಿ ಮಾಡಿ ಎಂದು ಬರುವ ಪತ್ರಕ್ಕೆ 15 ದಿನದೊಳಗೆ ಸ್ಪಂದಿಸದಿದ್ದರೆ ಡೊಮೇನನ್ನೇ ತಡೆಹಿಡಿಯುತ್ತಾರೆ. ಆಗ ಡಿಎನ್‌ಎಸ್‌ನಲ್ಲಿ ಎಷ್ಟು ತಡಕಾಡಿದರೂ ಏನೂ ಸಿಗುವುದಿಲ್ಲ.

ರೆಕಾರ್ಡ್ ಹಾಕುವ ಕೆಲಸ ಸುಲಭ. ಹೆಸರಿನ ಜಾಗದಲ್ಲಿ @ (ಮೂಲ ಡೊಮೇನ್ ಎಂದರ್ಥ), ಐಪಿ ಜಾಗದಲ್ಲಿ ಸರ್ವರ್‌ನದು, ಉದಾಹರಣೆಗೆ 203.0.113.25. ಡಬ್ಲ್ಯುಡಬ್ಲ್ಯುಡಬ್ಲ್ಯುಗೆ ಒಂದು ಸಿನೇಮ್ (ಒಂದು ಹೆಸರನ್ನು ಇನ್ನೊಂದು ಹೆಸರಿಗೆ ತೋರಿಸುವ ರೆಕಾರ್ಡ್), ಮೂಲ ಡೊಮೇನ್‌ಗೆ ತೋರಿಸಿ. ರೆಕಾರ್ಡ್ ಹಾಕುವ ಮೊದಲೇ ಬ್ರೌಸರ್‌ನಲ್ಲಿ ತೆರೆದು ನೋಡುವ ಆತುರ ಬೇಡ. ‘ಇಲ್ಲ’ ಎಂಬ ಉತ್ತರವೂ ಕ್ಯಾಶ್‌ನಲ್ಲಿ ಕೂರುತ್ತದೆ, ರೆಕಾರ್ಡ್ ಹಾಕಿದ ಮೇಲೂ ಕೆಲಹೊತ್ತು ಅದೇ ಬರುತ್ತದೆ. ಹಳೆಯ ಹೋಸ್ಟಿಂಗ್‌ನ ಎಎಎಎ ರೆಕಾರ್ಡ್ (ಹೊಸ ಬಗೆಯ ಉದ್ದ ವಿಳಾಸ ಐಪಿವಿ6ನದು) ಉಳಿದಿದ್ದರೆ ಅಳಿಸಿ. ಐಪಿವಿ6 ಇರುವ ಮೊಬೈಲ್‌ಗಳು ಅದನ್ನೇ ಮೊದಲು ಹಿಡಿದು ಹಳೆಯ ಸರ್ವರ್‌ಗೆ ಹೋಗುತ್ತವೆ, ಉಚಿತವಾಗಿ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಕೂಡ ಅತ್ತಲೇ ಹೋಗಿ ಸರ್ಟಿಫಿಕೇಟ್ ನಿರಾಕರಿಸುತ್ತದೆ.

ಸರ್ವರ್ ಕಡೆ 80 (ಎಚ್‌ಟಿಟಿಪಿ) ಮತ್ತು 443 (ಬೀಗವಿರುವ ಎಚ್‌ಟಿಟಿಪಿಎಸ್) ಪೋರ್ಟ್ ಎರಡೂ ತೆರೆದಿರಬೇಕು. ಬಾಡಿಗೆ ವಿಪಿಎಸ್ (ಕಂಪನಿಯೊಂದರ ಮಷಿನ್‌ನಲ್ಲಿ ನಿಮ್ಮ ಪಾಲಿನ ಸರ್ವರ್) ಆದರೆ ಎರಡು ಬಾಗಿಲು ಇರುವುದುಂಟು, ಕಂಪನಿಯ ಪ್ಯಾನೆಲ್‌ನ ಫೈರ್‌ವಾಲ್ ಒಂದು, ಸರ್ವರ್ ಒಳಗಿನದು ಇನ್ನೊಂದು. ಪುಟ ಬಡಿಸುವ ಪ್ರೋಗ್ರಾಂ ಎಂಜಿನ್-ಎಕ್ಸ್‌ನಲ್ಲಿ ಮೂಲ ಡೊಮೇನ್, ಡಬ್ಲ್ಯುಡಬ್ಲ್ಯುಡಬ್ಲ್ಯು ಎರಡೂ ಹೆಸರು ಬರೆಯದಿದ್ದರೆ ಅದರ ‘ವೆಲ್ಕಮ್’ ಪುಟ ಕಾಣಬಹುದು. ಆ ಪುಟ ಕಂಡರೆ ಬೇಸರ ಬೇಡ, ಡಿಎನ್‌ಎಸ್ ಸರಿಯಿದೆ ಎಂದರ್ಥ. ಮೋಡ ಬೂದು ಇರುವಾಗಲೇ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ಪಡೆದುಬಿಡಿ.

ಈಗ ಕಿತ್ತಳೆ. ತಿರುಗಿಸುವ ಮೊದಲು ಕ್ಲೌಡ್‌ಫ್ಲೇರ್ ಪ್ಯಾನೆಲ್‌ನಲ್ಲಿ ಎಸ್‌ಎಸ್‌ಎಲ್ ಮೋಡ್ ‘ಫುಲ್ (ಸ್ಟ್ರಿಕ್ಟ್)’ ಇದೆಯೇ ನೋಡಿ. ‘ಫ್ಲೆಕ್ಸಿಬಲ್’ ಇದ್ದರೆ ಕ್ಲೌಡ್‌ಫ್ಲೇರ್ ನಿಮ್ಮ ಸರ್ವರ್‌ಗೆ ಬೀಗವಿಲ್ಲದ 80ರಲ್ಲಿ ಬರುತ್ತದೆ, ಸರ್ವರ್ ‘443ಕ್ಕೆ ಹೋಗು’ ಎಂದು ವಾಪಸ್ ಕಳಿಸುತ್ತದೆ, ಅದು ಮತ್ತೆ 80ಕ್ಕೇ ಬರುತ್ತದೆ. ಗಾಣದೆತ್ತಿನ ಹಾಗೆ ಸುತ್ತಿ ಸುತ್ತಿ ಬ್ರೌಸರ್ ಕೊನೆಗೆ ‘ಟೂ ಮೆನಿ ರೀಡೈರೆಕ್ಟ್ಸ್’ ಅನ್ನುತ್ತದೆ. ದೋಷ ಸಂಖ್ಯೆಗಳು ಮಾತ್ರ ಈ ಸೇವೆಯ ದೊಡ್ಡ ಉಪಕಾರ. 521 ಬಂದರೆ ಸರ್ವರ್ ಸಂಪರ್ಕವನ್ನೇ ತಿರಸ್ಕರಿಸಿದೆ, ಬಹುಶಃ ಎಂಜಿನ್-ಎಕ್ಸ್ ನಿಂತಿದೆ. 522 ಅಂದರೆ ಬಾಗಿಲು ತಟ್ಟಿದರೂ ಉತ್ತರವಿಲ್ಲ, ಫೈರ್‌ವಾಲ್ ನೋಡಿ. 526 ಅಂದರೆ ಸರ್ಟಿಫಿಕೇಟ್ ಅವಧಿ ಮುಗಿದಿದೆ ಅಥವಾ ಹೆಸರು ಹೊಂದುತ್ತಿಲ್ಲ.

ಕಿತ್ತಳೆ ಮಾಡಿದ ಹೆಸರಿನಲ್ಲಿ ಎಸ್‌ಎಸ್‌ಎಚ್ (ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ದಾರಿ) ನಡೆಯುವುದಿಲ್ಲ, 22ನೇ ಪೋರ್ಟ್ ಅತ್ತ ದಾಟುವುದಿಲ್ಲ. ಮೇಲ್ ಸರ್ವರ್‌ನ ಹೆಸರು ಯಾವಾಗಲೂ ಬೂದಾಗಿಯೇ ಇರಬೇಕು. ಉಚಿತ ಪ್ಲಾನಿನಲ್ಲಿ ಒಂದು ಅಪ್‌ಲೋಡ್ 100 ಎಂಬಿ ದಾಟಿದರೆ 413 ದೋಷ ಬರುತ್ತದೆ. ಪ್ಯಾಂಟಿನ ಫೋಟೋಗೆ ಧಾರಾಳ, ವಿಡಿಯೋ ಏರಿಸುವವರಿಗೆ ಕಿರಿಕಿರಿ. ಮೊದಲು ಬೂದು ಇಟ್ಟಿದ್ದರಿಂದ ನಿಮ್ಮ ಐಪಿ ಹೊರಗೆ ಗೊತ್ತಾಗಿರುತ್ತದೆ ಎಂಬ ಆಕ್ಷೇಪ ನಿಜ. ಅದಕ್ಕೆ, ಕಿತ್ತಳೆ ಮಾಡಿದ ಮೇಲೆ 80, 443ಕ್ಕೆ ಕ್ಲೌಡ್‌ಫ್ಲೇರ್ ಪ್ರಕಟಿಸಿರುವ ಐಪಿಗಳಿಂದ ಮಾತ್ರ ಬರಲು ಬಿಡಿ.

ಸರ್ವರ್ ಅಂಗಡಿಯ ಹಿಂದಿನ ಕೋಣೆಯಲ್ಲೇ ಇದ್ದರೆ? ರೂಟರ್‌ನ ವ್ಯಾನ್ ಐಪಿ (ಇಂಟರ್ನೆಟ್ ಕಡೆಯ ವಿಳಾಸ) ನೋಡಿ. ಅದು 100.64ರಿಂದ 100.127ರ ಒಳಗಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ, ಒಂದೇ ಪಬ್ಲಿಕ್ ಐಪಿಯನ್ನು ಹಲವು ಮನೆಗಳು ಹಂಚಿಕೊಂಡಿವೆ. ಹೊರಗಿನವರನ್ನು ಒಳಗಿನ ಮಷಿನ್‌ಗೆ ಕಳಿಸಲು ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಎಷ್ಟು ಮಾಡಿದರೂ ದಂಡ. ಕ್ಲೌಡ್‌ಫ್ಲೇರ್ ಟನಲ್ ಇಲ್ಲಿ ಚಿನ್ನ. ಮಷಿನ್‌ನಲ್ಲಿ ಕೂರುವ ಸಣ್ಣ ಪ್ರೋಗ್ರಾಂ ತಾನೇ 7844 ಪೋರ್ಟ್ ಹಿಡಿದು ಹೊರಗೆ ಹೋಗಿ ಸಂಪರ್ಕ ಕಟ್ಟುತ್ತದೆ, ಒಳಬಾಗಿಲು ತೆರೆಯುವ ಪ್ರಶ್ನೆಯೇ ಇಲ್ಲ. ಇಲ್ಲಿ ಮಾತ್ರ ಬೂದು ನಡೆಯುವುದಿಲ್ಲ, ಟನಲ್ ಎಂದರೆ ಕಿತ್ತಳೆಯೇ. ಅದೇ ಹೆಸರಿಗೆ ಹಳೆಯ ಎ ರೆಕಾರ್ಡ್ ಇದ್ದರೆ ಮೊದಲು ಅಳಿಸಿ, ಇಲ್ಲದಿದ್ದರೆ ‘ರೆಕಾರ್ಡ್ ಈಗಾಗಲೇ ಇದೆ’ ಎಂದು ಅಡ್ಡ ಹಾಕುತ್ತದೆ. 1033 ದೋಷ ಕಂಡರೆ ಆ ಪ್ರೋಗ್ರಾಂ ನಿಂತಿದೆ ಅಥವಾ ಇಂಟರ್ನೆಟ್ ಇಲ್ಲ.

ಶಕ್ತಿನಗರದಲ್ಲಿ, ಕುಡುತಿನಿಯಲ್ಲಿ ಕರೆಂಟು ತಯಾರಾಗುವ ಸೀಮೆಯಾದರೂ ಕರೆಂಟು ಹೋಗುವುದಿಲ್ಲ ಎಂದು ಯಾರೂ ಬರೆದುಕೊಡುವುದಿಲ್ಲ. ಯುಪಿಎಸ್ ಬರೀ ಮಷಿನ್‌ಗೆ ಹಾಕಿ ಫೈಬರ್ ಮೋಡೆಮ್ ಬಿಟ್ಟರೆ ಉಪಯೋಗವಿಲ್ಲ. ಮಷಿನ್‌ನ ಬಯಾಸ್ ಸೆಟ್ಟಿಂಗ್‌ನಲ್ಲಿ ಕರೆಂಟು ಬಂದ ಕೂಡಲೇ ತಾನೇ ಆನ್ ಆಗುವ ಆಯ್ಕೆ ಹಾಕಿ, ಟನಲ್ ಪ್ರೋಗ್ರಾಂ ಅನ್ನು ಮಷಿನ್ ಜೊತೆ ತಾನೇ ಶುರುವಾಗುವ ಸರ್ವಿಸ್ ಆಗಿ ಇನ್‌ಸ್ಟಾಲ್ ಮಾಡಿ.

ಪ್ರಾಕ್ಸಿಗೆ ಒಪ್ಪಿಸಿದರೆ ಅವರ ಕಷ್ಟವೂ ನಿಮ್ಮದೇ. 2025ರ ನವೆಂಬರ್ 18ರಂದು ಸಂಜೆ 5ರ ಹೊತ್ತಿಗೆ ಶುರುವಾದ ಅವರ ತೊಂದರೆ ಬಹುಮಟ್ಟಿಗೆ ಸರಿಯಾಗಿದ್ದು ರಾತ್ರಿ 8ರ ಸುಮಾರಿಗೆ. ಕಿತ್ತಳೆ ಹಿಂದಿದ್ದ ಸೈಟುಗಳು ಸಾಲಾಗಿ ದೋಷ ತೋರಿದವು, ಪ್ಯಾನೆಲ್‌ಗೆ ಲಾಗಿನ್ ಆಗಿ ಬೂದು ಮಾಡೋಣ ಎಂದರೆ ಅದೂ ಹಲವರಿಗೆ ಆಗಲಿಲ್ಲ. ಇಂಥ ದಿನಕ್ಕೆಂದು ಎಪಿಐ ಟೋಕನ್ (ಪ್ಯಾನೆಲ್ ತೆರೆಯದೆ ಆಜ್ಞೆಯಿಂದಲೇ ಬದಲಿಸಲು ಬೇಕಾದ ಕೀಲಿ) ಒಂದನ್ನು ಮೊದಲೇ ಮಾಡಿಟ್ಟಿರಿ. ಬೂದು ಮಾಡಿದಾಗ 80, 443ಕ್ಕೆ ಹಾಕಿದ್ದ ‘ಕ್ಲೌಡ್‌ಫ್ಲೇರ್ ಮಾತ್ರ’ ಎಂಬ ತಡೆಯನ್ನೂ ತೆಗೆಯಿರಿ. ಮತ್ತೆ, ಕ್ಲೌಡ್‌ಫ್ಲೇರ್ ಕೊಡುವ 15 ವರ್ಷದ ಒರಿಜಿನ್ ಸರ್ಟಿಫಿಕೇಟ್‌ಗೆ ಮರುಳಾಗಬೇಡಿ. ಅದನ್ನು ಬ್ರೌಸರ್‌ಗಳು ನಂಬುವುದಿಲ್ಲ, ಮೋಡ ಬೂದು ಮಾಡಿದ ಮರುಕ್ಷಣ ಗಿರಾಕಿಗೆ ಕಾಣುವುದು ಎಚ್ಚರಿಕೆಯ ಪುಟ. 90 ದಿನದ್ದಾದರೂ ಲೆಟ್ಸ್ ಎನ್‌ಕ್ರಿಪ್ಟ್‌ನದೇ ಇರಲಿ, ನವೀಕರಣವನ್ನು ಹೊತ್ತಿಗೆ ಸರಿಯಾಗಿ ತಾನೇ ಕೆಲಸ ಮಾಡುವ ಕ್ರಾನ್‌ಗೋ ಟೈಮರ್‌ಗೋ ಬಿಡಿ.