ದಿನಕ್ಕಿಷ್ಟು ತಪಾಸಣೆ: ರೆಸ್ಟಿಕ್, ಬೋರ್ಗ್, ಸ್ನ್ಯಾಪ್‌ರೇಡ್

ಮನೆಯ ಹಳೇ ಫೋಟೊ, ಅಜ್ಜಿ ಹಾಡಿದ ರೆಕಾರ್ಡಿಂಗ್‌ಗಳನ್ನು ನಾವು ತೆರೆಯುವುದೇ ಅಪರೂಪ. ಡಿಸ್ಕಿನಲ್ಲಿ ಒಂದು ಜಾಗ ಕೆಟ್ಟರೂ ವರ್ಷಗಟ್ಟಲೆ ಗೊತ್ತಾಗುವುದಿಲ್ಲ. ಎಲ್ಲವನ್ನೂ ಒಂದೇ ಸಲ ಪರೀಕ್ಷಿಸಲು ಹೊರಟರೆ ದೊಡ್ಡ ಡಿಸ್ಕಿಗೆ ತುಂಬಾ ಹೊತ್ತು ಬೇಕು. ಅದಕ್ಕೇ ಸ್ವಲ್ಪ ಸ್ವಲ್ಪವಾಗಿ ನೋಡುವ ಮೂರು ಸಾಧನಗಳನ್ನು ಓಡಿಸಿ ನೋಡಿದೆ.

ರೆಸ್ಟಿಕ್ ಒಂದು ಬ್ಯಾಕಪ್ ಪ್ರೋಗ್ರಾಂ. ಅದರ ಚೆಕ್ ಕಮಾಂಡಿನಲ್ಲಿ 'ರೀಡ್-ಡೇಟಾ-ಸಬ್‌ಸೆಟ್' ಅನ್ನೋ ಆಯ್ಕೆ ಇದೆ. 1/7 ಅಂತ ಕೊಟ್ಟರೆ ಏಳರಲ್ಲಿ ಒಂದನೇ ಪಾಲನ್ನು ಪೂರ್ತಿ ಓದಿ ಹ್ಯಾಶ್ (ಡೇಟಾದ ಬೆರಳಚ್ಚಿನಂಥ ಸಂಖ್ಯೆ) ತಾಳೆ ನೋಡುತ್ತದೆ. 10% ಅಂತಲೂ ಕೊಡಬಹುದು. ಆದರೆ ಆಗ ಪ್ರತಿ ಸಲ ಕೈಗೆ ಸಿಕ್ಕಿದ್ದನ್ನು ಆರಿಸುತ್ತದೆ, ಕೆಲವು ಭಾಗಕ್ಕೆ ಎಷ್ಟೋ ದಿನ ಸರದಿಯೇ ಬರದಿರಬಹುದು. ಪಾಲಿನ ಲೆಕ್ಕವೇ ವಾಸಿ. ವಾರದ ದಿನದ ಸಂಖ್ಯೆಯನ್ನೇ (ಸೋಮವಾರ 1, ಭಾನುವಾರ 7) ಪಾಲಿನ ಸಂಖ್ಯೆ ಮಾಡಿಬಿಡುವುದು ಸುಲಭ, ಆದರೆ ಭಾನುವಾರ ಕಂಪ್ಯೂಟರ್ ಆನ್ ಮಾಡದ ಮನೆಯಲ್ಲಿ ಏಳನೇ ಪಾಲನ್ನು ಯಾರೂ ನೋಡುವುದಿಲ್ಲ. ಲಿನಕ್ಸಿನಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಸಿಸ್ಟಮ್‌ಡಿ ಟೈಮರಿಗೆ 'ಪರ್ಸಿಸ್ಟೆಂಟ್' ಹಾಕಿದರೆ ತಪ್ಪಿದ ಕೆಲಸ ಸೋಮವಾರ ಆನ್ ಮಾಡಿದಾಗ ಓಡುತ್ತದೆ ನಿಜ. ಅಷ್ಟರಲ್ಲಿ ದಿನದ ಸಂಖ್ಯೆ 1 ಆಗಿರುತ್ತದೆ, ಅಲ್ವಾ? ಹಾಗಾಗಿ ಮುಗಿದ ಪಾಲನ್ನು ಒಂದು ಪುಟ್ಟ ಫೈಲಿನಲ್ಲಿ ಬರೆದಿಟ್ಟು, ಮುಂದಿನ ಸಲ ಅದರ ನಂತರದ್ದನ್ನು ಹಿಡಿಯುವ ಸ್ಕ್ರಿಪ್ಟ್ ಇಟ್ಟಿದ್ದೇನೆ.

ಬೋರ್ಗ್ ಕೂಡ ಬ್ಯಾಕಪ್ ಪ್ರೋಗ್ರಾಮೇ, ಅದರಲ್ಲಿ ಈ ತಾಪತ್ರಯ ಇಲ್ಲ. 'ಮ್ಯಾಕ್ಸ್-ಡ್ಯುರೇಶನ್' 1800 ಸೆಕೆಂಡ್ ಅಂದರೆ ಅರ್ಧ ಗಂಟೆ ನೋಡಿ ನಿಲ್ಲುತ್ತದೆ, ಮುಂದಿನ ಸಲ ಬಿಟ್ಟಲ್ಲಿಂದಲೇ ಶುರು. ಆದರೆ ಹೀಗೆ ಕಂತಿನಲ್ಲಿ ನೋಡುವಾಗ ಬರೀ ಸಿಆರ್‌ಸಿ32 ಅನ್ನೋ ಸರಳ ತಾಳೆಸಂಖ್ಯೆಯ ಪರೀಕ್ಷೆ. ಆಳವಾಗಿ ನೋಡುವ 'ವೆರಿಫೈ-ಡೇಟಾ'ವನ್ನು ಕಂತಿಗೆ ಸೇರಿಸಲು ಆಗುವುದಿಲ್ಲ. ನನಗೆ ಇದು ಸಾಲಲಿಲ್ಲ.

ಸ್ನ್ಯಾಪ್‌ರೇಡ್ ಬ್ಯಾಕಪ್ ಅಲ್ಲ, ಮೂಲ ಫೈಲುಗಳನ್ನೇ ಕಾಯುವಂಥದ್ದು. ಸುಮ್ನೆ 'ಸ್ಕ್ರಬ್' ಅಂದರೆ ಸಾಕು, 10 ದಿನದಿಂದ ನೋಡದೆ ಬಿಟ್ಟ ಬ್ಲಾಕುಗಳಲ್ಲಿ (ಡೇಟಾದ ತುಣುಕುಗಳಲ್ಲಿ) ಒಟ್ಟಿನ ಸುಮಾರು 8% ಪರೀಕ್ಷಿಸುತ್ತದೆ. ಯಾವುದನ್ನು ಯಾವಾಗ ನೋಡಿದ್ದು ಅಂತ ಅದೇ ನೆನಪಿಟ್ಟುಕೊಳ್ಳುತ್ತದೆ. ನಡುವೆ ನಾಲ್ಕು ದಿನ ಕರೆಂಟ್ ಇಲ್ಲದಿದ್ದರೂ ಯಾವ ಬ್ಲಾಕೂ ತಪ್ಪಿಹೋಗುವುದಿಲ್ಲ. ಕೆಟ್ಟದ್ದು ಸಿಕ್ಕರೆ ಪ್ಯಾರಿಟಿಯಿಂದ (ಕೆಟ್ಟ ಭಾಗವನ್ನು ಮರಳಿ ಕಟ್ಟಲು ಲೆಕ್ಕಹಾಕಿಟ್ಟ ಹೆಚ್ಚುವರಿ ಡೇಟಾದಿಂದ) ಸರಿಪಡಿಸಲೂ ಬಹುದು, ಉಳಿದೆರಡಕ್ಕೆ ಈ ಶಕ್ತಿ ಇಲ್ಲ. ಆದರೆ ಪ್ಯಾರಿಟಿಗೆಂದೇ ಒಂದು ಡಿಸ್ಕ್ ಬೇಕು, ಅದು ನಿಮ್ಮ ಅತಿ ದೊಡ್ಡ ಡೇಟಾ ಡಿಸ್ಕಿನಷ್ಟಾದರೂ ಇರಬೇಕು. ಫೈಲುಗಳ ಲೆಕ್ಕವನ್ನು ಪ್ಯಾರಿಟಿಗೆ ಸೇರಿಸುವ ಕಮಾಂಡು 'ಸಿಂಕ್'. ಕೊನೆಯ ಸಿಂಕ್ ಆದಮೇಲೆ ಸೇರಿಸಿದ ಫೈಲಿಗೆ ರಕ್ಷಣೆ ಇಲ್ಲ, ಅದಕ್ಕೇ ಹೊಸ ಫೋಟೊ ಹಾಕಿದ ದಿನವೇ ಸಿಂಕ್ ಮಾಡಿಬಿಡಿ.

ಮನೆಯ ಡಿಸ್ಕುಗಳಿಗೆ ನಾನು ಸ್ನ್ಯಾಪ್‌ರೇಡ್ ಉಳಿಸಿಕೊಂಡೆ, ಬೇರೆ ಊರಿನಲ್ಲಿರುವ ಬ್ಯಾಕಪ್‌ಗೆ ರೆಸ್ಟಿಕ್. ಎರಡರಲ್ಲಿ ಯಾವುದು ತಪ್ಪು ತೋರಿಸಿದರೂ ನನ್ನ ಫೋನಿಗೆ ಮೆಸೇಜ್ ಬರುತ್ತದೆ.