ಹೂವಿನ ಹೆಸರಿನ ಕಟ್ಟಡ, ಕೊಡೆ ಬಿಚ್ಚುವ ಕಟ್ಟಡ: ಒಂದು ಪ್ಯಾಕೇಜ್ ಪ್ರವಾಸದ ವಿಮರ್ಶೆ

ಕಳೆದ ಸೆಪ್ಟೆಂಬರಿನಲ್ಲಿ, ತೋಟದಲ್ಲಿ ಮಳೆ ಇನ್ನೂ ಪೂರ್ತಿ ಬಿಡುವು ಕೊಡದಿದ್ದ ದಿನಗಳಲ್ಲಿ, ನಾನೂ ನನ್ನ ಹೆಂಡತಿಯೂ ಚಿಕ್ಕಮಗಳೂರಿನ ಒಂದು ಟ್ರಾವೆಲ್ಸ್‌ನವರ ಮೂಲಕ ಐದು ದಿನಗಳ ದುಬೈ, ಅಬುಧಾಬಿ ಪ್ರವಾಸಕ್ಕೆ ಹೋಗಿಬಂದೆವು. ಎಲ್ಲ ಪ್ಯಾಕೇಜುಗಳಲ್ಲೂ ಇರುವ ಚಿನ್ನದ ಪೇಟೆ, ಮರಳುದಿಬ್ಬದ ಜೀಪ್ ಸವಾರಿಗಳಲ್ಲದೆ ಇವರ ಕರಪತ್ರದಲ್ಲಿ ‘ನಿಸರ್ಗದಿಂದ ಕಲಿತ ಕಟ್ಟಡಗಳು’ ಎಂದು ಒಂದೂವರೆ ದಿನ ಮೀಸಲಾಗಿತ್ತು. ನಾವು ದುಡ್ಡು ಕಟ್ಟಿದ್ದು ಆ ಒಂದೂವರೆ ದಿನದ ಆಸೆಗಾದ್ದರಿಂದ ಈ ವಿಮರ್ಶೆಯೂ ಅದಕ್ಕೇ ಸೀಮಿತ. ವಿಮಾನ, ಹೋಟೆಲು, ಊಟಗಳಲ್ಲಿ ದೂರುವಂಥದ್ದೇನೂ ಇರಲಿಲ್ಲ.

ಮೊದಲು ಬುರ್ಜ್ ಖಲೀಫಾ. 2010ರ ಜನವರಿಯಲ್ಲಿ ಉದ್ಘಾಟನೆಯಾದ, 828 ಮೀಟರ್ ಎತ್ತರದ ಈ ಕಟ್ಟಡದ 124ನೇ ಮಹಡಿಯವರೆಗೆ ನಮ್ಮ ಟಿಕೆಟ್ಟು ಇತ್ತು. ಮುಳ್ಳಯ್ಯನಗಿರಿಯನ್ನು ದಿನಾ ನೋಡುವವರಿಗೆ ಬರೀ ಎತ್ತರ ಅಷ್ಟಾಗಿ ಬೆರಗು ಹುಟ್ಟಿಸುವುದಿಲ್ಲ. ನನಗೆ ಹಿಡಿಸಿದ್ದು ಬುಡದಲ್ಲಿ ನಿಂತು ತಲೆಯೆತ್ತಿದಾಗ ಕಾಣುವ ಅದರ ಮೈಕಟ್ಟು. ಮೂರು ರೆಕ್ಕೆಗಳು ನಡುವಿನ ಒಂದು ಗಟ್ಟಿ ಕಾಂಡಕ್ಕೆ ಆತುಕೊಂಡಿದ್ದು, ಒಂದರ ಮೇಲೆ ಗಾಳಿ ಒತ್ತಿದರೆ ಉಳಿದೆರಡು ಅದಕ್ಕೆ ಆಸರೆಯಾಗುತ್ತವೆ. ಮೇಲೆ ಹೋದಂತೆಲ್ಲ ಈ ರೆಕ್ಕೆಗಳು ಸುರುಳಿಯ ಕ್ರಮದಲ್ಲಿ ಒಂದಾದ ಮೇಲೊಂದು ಹಿಂದೆ ಸರಿಯುತ್ತವೆ. ಉದ್ದಕ್ಕೂ ಒಂದೇ ಅಗಲವಿರುವ ಗೋಪುರಕ್ಕೆ ಗಾಳಿ ಬಡಿದಾಗ ಹಿಂಬದಿಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸುಳಿಗಳು ಏಳುತ್ತವೆ, ಆ ಸುಳಿಗಳ ಲಯವೂ ಕಟ್ಟಡ ತೂಗುವ ಲಯವೂ ಒಂದಾದರೆ ತೊನೆದಾಟ ಹೆಚ್ಚುತ್ತದೆ. ಇಲ್ಲಿ ಅಗಲ ಬದಲಾಗುತ್ತಲೇ ಹೋಗುವುದರಿಂದ ಸುಳಿಗಳಿಗೆ ಲಯವೇ ಕೂಡಿಬರುವುದಿಲ್ಲ.

ಈ ಆಕಾರಕ್ಕೆ ಹೈಮೆನೋಕ್ಯಾಲಿಸ್ ಎಂಬ ‘ಮರುಭೂಮಿಯ ಹೂವು’ ಸ್ಫೂರ್ತಿಯೆಂದು ನಮ್ಮ ಗೈಡ್ ಎರಡೆರಡು ಸಲ ಹೇಳಿದರು. ಅದು ಸ್ಪೈಡರ್ ಲಿಲ್ಲಿ. ನಮ್ಮ ಮನೆಯ ಬಚ್ಚಲ ನೀರು ಹರಿದುಹೋಗುವ ಕಡೆ ದಂಡಿಯಾಗಿ ಬೆಳೆದಿದೆ. ಅದಕ್ಕೆ ಆರು ಎಸಳು, ಅದರ ತವರು ಅಮೆರಿಕ ಖಂಡ. ಕಟ್ಟಡ ಹೂವಿನಿಂದ ರೂಪವನ್ನು ಪಡೆದಿರಬಹುದು, ಆದರೆ ಬಿಸಿಲಿನೊಂದಿಗೆ ಏಗುವ ಉಪಾಯವನ್ನು ಯಾವ ಗಿಡದಿಂದಲೂ ಪಡೆದಂತೆ ಕಾಣುವುದಿಲ್ಲ. ಅದರ ಗಾಜಿನ ಮೈ, ಲೇಪನ ಎಷ್ಟೇ ಉತ್ತಮವಾಗಿದ್ದರೂ, ಸೂರ್ಯನಿಗೆ ನೇರವಾಗಿ ಒಡ್ಡಿಕೊಂಡೇ ನಿಂತಿದೆ. ತೇವಭರಿತ ಬಿಸಿಗಾಳಿಯನ್ನು ಎ.ಸಿ. ಯಂತ್ರಗಳು ತಣಿಸುವಾಗ ಇಳಿಯುವ ನೀರನ್ನು ಹಿಡಿದು ಸುತ್ತಲಿನ ತೋಟಕ್ಕೆ ಹಾಯಿಸುತ್ತಾರೆ. ವಿನ್ಯಾಸಕಾರರ ಲೆಕ್ಕದಲ್ಲಿ ಅದು ವರ್ಷಕ್ಕೆ ಸುಮಾರು 1.5 ಕೋಟಿ ಗ್ಯಾಲನ್, ಅಂದರೆ ಐದೂವರೆ ಕೋಟಿ ಲೀಟರಿಗೂ ಮಿಕ್ಕಿದ್ದು. ನೀರನ್ನು ಚೆಲ್ಲದೆ ಬಳಸಿದ್ದು ಮೆಚ್ಚತಕ್ಕದ್ದೇ. ಆದರೆ ಅಷ್ಟು ನೀರು ಇಳಿಯಬೇಕಾದರೆ ಎಷ್ಟು ಗಾಳಿಯನ್ನು ತಣಿಸಿರಬೇಕು ಎಂಬ ಪ್ರಶ್ನೆಯೂ ಜೊತೆಗೇ ಏಳುತ್ತದೆ.

ಮರುದಿನ ಅಬುಧಾಬಿಯ ಅಲ್ ಬಹರ್ ಅವಳಿ ಗೋಪುರಗಳು. ಇಡೀ ಪ್ರವಾಸದಲ್ಲಿ ದುಡ್ಡಿಗೆ ತಕ್ಕ ಮೌಲ್ಯ ಕೊಟ್ಟಿದ್ದು ಇದೊಂದೇ ಎನ್ನುತ್ತೇನೆ. ಏಡಾಸ್ ಸಂಸ್ಥೆಯ ವಿನ್ಯಾಸದಲ್ಲಿ, ಅರುಪ್ ಸಂಸ್ಥೆಯ ಎಂಜಿನಿಯರುಗಳ ನೆರವಿನಿಂದ 2012ರಲ್ಲಿ ಮುಗಿದ ಇವುಗಳ ಎತ್ತರ ಸುಮಾರು 145 ಮೀಟರ್, ಬುರ್ಜ್‌ನ ಐದನೆಯ ಒಂದು ಭಾಗಕ್ಕಿಂತ ಕಡಿಮೆ. ಗಾಜಿನ ಗೋಡೆಯಿಂದ ಸುಮಾರು ಎರಡು ಮೀಟರ್ ಹೊರಗೆ ಒಂದು ಚೌಕಟ್ಟು ನಿಲ್ಲಿಸಿ, ಗೋಪುರವೊಂದಕ್ಕೆ ಸಾವಿರಕ್ಕೂ ಹೆಚ್ಚು ಮಡಚುವ ತ್ರಿಕೋನಗಳನ್ನು ಅದಕ್ಕೆ ಕೂರಿಸಿದ್ದಾರೆ. ಬಿಸಿಲು ಯಾವ ಮಗ್ಗುಲಿಗೆ ಬೀಳುತ್ತದೋ ಆ ಮಗ್ಗುಲಿನವು ಬಿಚ್ಚಿಕೊಂಡು ನೆರಳು ಕೊಡುತ್ತವೆ, ಬಿಸಿಲು ದಾಟಿಹೋದ ಮೇಲೆ ಮಡಚಿಕೊಂಡು ಬೆಳಕು ಬಿಡುತ್ತವೆ. ನೇರ ಬಿಸಿಲು ಅಷ್ಟಾಗಿ ತಾಗದ ಉತ್ತರದ ಮೈಗೆ ಈ ಹೊದಿಕೆಯೇ ಇಲ್ಲ. ಚಲನೆ ಎಷ್ಟು ನಿಧಾನವೆಂದರೆ ನೋಡುತ್ತ ಕೂತರೆ ಏನೂ ಆಗುತ್ತಿಲ್ಲವೆನಿಸುತ್ತದೆ, ಅತ್ತಿತ್ತ ನೋಡಿ ತಿರುಗಿದರೆ ಒಂದು ಸಾಲು ಬದಲಾಗಿರುತ್ತದೆ. “ಏನ್ರೀ ಇದು, ಸಾವಿರ ಕೊಡೆ ಒಟ್ಟಿಗೆ ಬಿಚ್ಚಿಟ್ಟ ಹಾಗಿದೆಯಲ್ಲ” ಎಂದಳು ನನ್ನ ಹೆಂಡತಿ.

ನನಗೆ ನೆನಪಾದದ್ದು ಮರಗಸಿ, ಅಂದರೆ ನೆರಳುಮರಗಳ ಕೊಂಬೆ ಸವರುವ ಕೆಲಸ. ಕಾಫಿ ತೋಟದಲ್ಲಿ ನೆರಳು ಎಂದರೆ ಒಂದು ಸಲ ಮರ ನೆಟ್ಟು ಮರೆತುಬಿಡುವ ಸಂಗತಿಯಲ್ಲ. ಮುಂಗಾರಿಗೆ ಮೊದಲು ಹಾಲುವಾಣದ ಕೊಂಬೆ ಸವರಿ ಬೆಳಕು ಬಿಟ್ಟರೆ, ಬೇಸಿಗೆಯ ಹೊತ್ತಿಗೆ ಅದೇ ಮರ ಚಿಗುರಿ ಗಿಡವನ್ನು ಕಾಯುತ್ತದೆ. ಹೆಚ್ಚಾದರೂ ನಷ್ಟ, ಕಡಿಮೆಯಾದರೂ ನಷ್ಟ. ನಾವು ವರ್ಷಕ್ಕೊಮ್ಮೆ ಕತ್ತಿ ಹಿಡಿದು ಮಾಡುವುದನ್ನು ಆ ಕಟ್ಟಡ ದಿನಕ್ಕೊಮ್ಮೆ ಮೋಟಾರಿನಿಂದ ಮಾಡುತ್ತದೆ. ಮುಖ್ಯವಾದದ್ದು ನೆರಳು ಗಾಜಿನ ಹೊರಗೆ ಬೀಳುತ್ತದೆ ಎಂಬುದು. ಬಿಸಿಲು ಗಾಜು ದಾಟಿ ಒಳಬಂದ ಮೇಲೆ ಪರದೆ ಎಳೆದರೆ ಕಾಯುವುದು ಪರದೆ, ಆ ಕಾವು ಬಹುಮಟ್ಟಿಗೆ ಕೋಣೆಯಲ್ಲೇ ಉಳಿಯುತ್ತದೆ. ಹೊರಗೇ ತಡೆದದ್ದರಿಂದ ಒಳಬರುವ ಬಿಸಿಲ ಕಾವು ಅರ್ಧದಷ್ಟು ತಗ್ಗುತ್ತದೆಂದು ವಿನ್ಯಾಸಕಾರರು ಹೇಳುತ್ತಾರೆ.

ಅರಬ್ ಮನೆಗಳ ಮರದ ಜಾಲರಿ ಕಿಟಕಿಯಾದ ಮಶ್ರಬೀಯಾ ಇದರ ಮೂಲ. ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದಲ್ಲಿ ಜಾಲಂಧ್ರಗಳ ಪಕ್ಕ ನಿಂತವರಿಗೆ ಆ ಮಬ್ಬು ತಂಪನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಲ್ಲಿನ ಜಾಲಂಧ್ರಕ್ಕೆ ಮೋಟಾರು ಬೇಡ, ಎಣ್ಣೆ ಬೇಡ. ಮರಳಿನ ಧೂಳು ಹಾರುವ ಊರಿನಲ್ಲಿ ಎರಡು ಸಾವಿರ ಕೀಲುಗಳನ್ನು ನೋಡಿಕೊಳ್ಳುವುದು ಸಣ್ಣ ಚಾಕರಿಯಲ್ಲ. ಇದೇ 2012ರಲ್ಲಿ ದೋಹಾದಲ್ಲಿ ವಾಸ್ತುಶಿಲ್ಪಿ ಜ್ಯಾಂ ನುವೆಲ್ ಅವರ ಗೋಪುರಕ್ಕೆ ಅಲ್ಯೂಮಿನಿಯಂ ಜಾಲರಿಯನ್ನು ಅಲುಗದಂತೆ ಹೊದಿಸಿ, ದಿಕ್ಕಿಗೆ ತಕ್ಕಂತೆ ಅದರ ದಟ್ಟಣೆಯನ್ನು ಮಾತ್ರ ಬದಲಿಸಿದ್ದಾರೆ. ನನ್ನ ಮನೆಗಾದರೆ ನಾನು ಆರಿಸುವುದು ಅದನ್ನೇ. ಅದನ್ನು ಚಿತ್ರದಲ್ಲಷ್ಟೇ ನೋಡಿದ್ದೇನೆ, ಅದು ಬೇರೆ ಮಾತು.

ಕೊನೆಗೆ ಅಬುಧಾಬಿಯ ಮಸ್ದರ್ ನಗರದಲ್ಲಿ, ಮೇಲಿನ ಗಾಳಿಯನ್ನು ಹಿಡಿದು ಕೆಳಕ್ಕೆ ಇಳಿಸುವ 45 ಮೀಟರಿನ ಗಾಳಿಗೋಪುರದ ಬುಡಕ್ಕೆ ಕರೆದೊಯ್ದು ಇಪ್ಪತ್ತು ನಿಮಿಷ ಬಿಟ್ಟರು. ಇಕ್ಕಟ್ಟಾದ ಓಣಿಗಳ ನೆರಳು ಹಿತವಾಗಿತ್ತು.

ಇನ್ನು ಸೇವೆಯ ಮಾತು. ಕರಪತ್ರದಲ್ಲಿ ಅಲ್ ಬಹರ್‌ಗೆ ‘ಒಳಭಾಗದ ವೀಕ್ಷಣೆ’ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಅದು ಕಚೇರಿ ಕಟ್ಟಡ. ಬಾಗಿಲ ಕಾವಲಿನವರು ಸೌಜನ್ಯದಿಂದಲೇ ನಮ್ಮನ್ನು ಹಿಂದಕ್ಕೆ ಕಳಿಸಿದರು. ಊರಿಗೆ ಫೋನ್ ಮಾಡಿದಾಗ ಟ್ರಾವೆಲ್ಸ್‌ನವರು, “ಸಾರ್, ಕೊಡೆ ಇರೋದು ಹೊರಗಡೆ ತಾನೇ, ಒಳಗೆ ಹೋಗಿ ಏನು ನೋಡ್ತೀರಿ” ಎಂದರು. ಮಾತಿನಲ್ಲಿ ನ್ಯಾಯವಿದೆ, ವ್ಯವಹಾರದಲ್ಲಿ ಇಲ್ಲ. ಹಣ ವಾಪಸ್ ಕೇಳಿದ್ದಕ್ಕೆ ಮುಂದಿನ ಪ್ರವಾಸದಲ್ಲಿ ರಿಯಾಯಿತಿ ಕೊಡುವುದಾಗಿ ಹೇಳಿದ್ದಾರೆ. ಗೈಡ್‌ಗೆ ಕಟ್ಟಡಗಳ ಎತ್ತರ ಬಾಯಿಪಾಠವಿತ್ತು, ಅವು ಕೆಲಸ ಮಾಡುವ ಬಗೆ ತಿಳಿದಿರಲಿಲ್ಲ.

ಹೋಗುವವರು ಅಲ್ ಬಹರ್‌ಗೆ ಅರ್ಧ ದಿನವನ್ನಾದರೂ ಕೇಳಿ ಪಡೆಯಿರಿ. ಬೆಳಿಗ್ಗೆ ಪೂರ್ವದ ಮಗ್ಗುಲನ್ನೂ ಮಧ್ಯಾಹ್ನದ ಮೇಲೆ ಪಶ್ಚಿಮದ ಮಗ್ಗುಲನ್ನೂ ನೋಡದಿದ್ದರೆ ಹೋದದ್ದು ವ್ಯರ್ಥ. ಮನೆಯಿಂದಲೇ ಒಂದು ಕೊಡೆ ಒಯ್ಯಿರಿ: ನೆರಳೆಲ್ಲ ಕಟ್ಟಡದ ಒಳಗಿನವರಿಗೆ ಹೋಗುತ್ತದೆ, ನಾವು ನಿಂತು ನೋಡಿದ ರಸ್ತೆಬದಿಯಲ್ಲಿ ಒಂದು ಗೇಣಿನಷ್ಟೂ ನೆರಳಿರಲಿಲ್ಲ.